ಅಂಗಳದ ದೀಪಗಳಿಗೆ ಆರ್ಮರ್ಡ್ ಕೇಬಲ್ ಮತ್ತು ಅರ್ತಿಂಗ್: ಕೊಂಡು, ಹೂಳಿ, ಅಳೆದು ನೋಡಿದ ಮೇಲಿನ ವಿಮರ್ಶೆ

ಮನೆಯಿಂದ ಗೇಟಿನವರೆಗೆ, ಅಲ್ಲಿಂದ ಕೊಟ್ಟಿಗೆ ಮತ್ತು ಅಡಿಕೆ ಒಣಗಿಸುವ ಕಣದವರೆಗೆ ದೀಪ ಹಾಕಿಸುವ ಕೆಲಸಕ್ಕಾಗಿ ನಾವು ಆರಿಸಿಕೊಂಡದ್ದು 3 ಕೋರಿನ (ಒಳಗೆ ಮೂರು ವಾಹಕಗಳಿರುವ), 2.5 ಚದರ ಮಿ.ಮೀ. ಗಾತ್ರದ, ತಾಮ್ರದ ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪ್ಲಾಸ್ಟಿಕ್ ಹೊದಿಕೆಯ) ಆರ್ಮರ್ಡ್, ಅಂದರೆ ಉಕ್ಕಿನ ಕವಚದ, ಕೇಬಲ್. ಅದರ ಜೊತೆಗೆ 3 ಮೀಟರ್ ಉದ್ದದ ತಾಮ್ರಲೇಪಿತ ಉಕ್ಕಿನ ಎರಡು ಅರ್ತ್ ರಾಡ್‌ಗಳು ಮತ್ತು ಹೊರಗಿನ ದೀಪಗಳಿಗೆಂದೇ ಮೀಸಲಾದ 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ (ಕರೆಂಟು ಸೋರಿದಾಗ ತಾನಾಗಿ ಕಡಿಯುವ ಸ್ವಿಚ್ಚು). ಈ ಮೂರನ್ನೂ ಒಂದೇ ವಿಮರ್ಶೆಯಲ್ಲಿ ಸೇರಿಸಲು ಕಾರಣವಿದೆ. ಅಂಗಡಿಯಲ್ಲಿ ಇವು ಬೇರೆ ಬೇರೆ ಕಪಾಟಿನ ಸರಕುಗಳಾದರೂ, ನೆಲಕ್ಕಿಳಿದ ಮೇಲೆ ಒಂದು ಕೈಕೊಟ್ಟರೆ ಉಳಿದೆರಡಕ್ಕೆ ಹಾಕಿದ ಹಣಕ್ಕೆ ಅರ್ಥವಿರುವುದಿಲ್ಲ. ಕೇಬಲ್ಲಿಗೆ ಉಕ್ಕಿನ ಕವಚವಿದ್ದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆಯೂ, ಗುಂಡಿ ತೋಡಿ ಉಪ್ಪು-ಇದ್ದಿಲು ತುಂಬಿ ಪೈಪು ಹೂತರೆ ತೊಂದರೆಯಾದಾಗ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದಾಗ ಕಡಿಯುವ ಸ್ವಿಚ್ಚು) ತಾನಾಗಿ ಬೀಳುತ್ತದೆ ಎಂಬ ನಂಬಿಕೆಯೂ ನಮ್ಮ ಕಡೆ ಬಲವಾಗಿ ಬೇರೂರಿವೆ. ಎರಡೂ ಸರಿಯಲ್ಲ, ಮತ್ತು ಎರಡೂ ಜೀವಕ್ಕೆ ಸಂಬಂಧಿಸಿದ ತಪ್ಪುಗಳಾದ್ದರಿಂದ ಲೆಕ್ಕ ಸಮೇತ ಬರೆಯುವುದು ಅಗತ್ಯವೆನಿಸಿತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಜಂಬಿಟ್ಟಿಗೆ ನೆಲ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಮಣ್ಣು ಒದ್ದೆಯಾಗಿಯೇ ಇರುತ್ತದೆ. ಅದೇ ನೆಲ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹಾರೆಗೂ ಜಗ್ಗದಷ್ಟು ಒಣಗಿ ಗಟ್ಟಿಯಾಗುತ್ತದೆ. ತೋಟದಲ್ಲಿ ಹೆಗ್ಗಣವಿದೆ, ಗೆದ್ದಲಿದೆ, ಪ್ರತಿ ವರ್ಷ ಬಸಿಗಾಲುವೆ ಬಿಡಿಸಲು ಗುದ್ದಲಿ ಹಿಡಿದು ಬರುವ ಆಳುಗಳಿದ್ದಾರೆ. ಕೇಬಲ್ಲನ್ನು ಅಳೆಯಬೇಕಾದದ್ದು ಈ ಪರಿಸ್ಥಿತಿಯ ಎದುರಿಗೆ.

ಮೊದಲು ಕೇಬಲ್ಲಿನ ಮಾತು. ಅಂಗಡಿಯಲ್ಲಿ ‘ಆರ್ಮರ್ಡ್ ಕೇಬಲ್ ಕೊಡಿ’ ಎಂದರೆ ಹೆಚ್ಚಿನವರು ಮುಂದಿಡುವುದು 2 ಕೋರಿನ ಅಲ್ಯೂಮಿನಿಯಂ ಕೇಬಲ್ಲನ್ನು, ಏಕೆಂದರೆ ಕಂಬದಿಂದ ಮೀಟರಿಗೆ ಸರ್ವಿಸ್ ಎಳೆಯಲು ಎಲ್ಲರೂ ಕೊಳ್ಳುವುದು ಅದನ್ನೇ. ಕೇಬಲ್ಲಿನ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ಅಂಗಡಿಯವರ ಮಾತಿಗೆ ಕಾಯಬೇಕಿಲ್ಲ. ಮೊದಲಲ್ಲಿ ‘ಎ’ ಇದ್ದರೆ ವಾಹಕ ಅಲ್ಯೂಮಿನಿಯಂ, ಇಲ್ಲದಿದ್ದರೆ ತಾಮ್ರ. ‘ವೈ’ ಎಂದರೆ ಪಿವಿಸಿ, ‘2ಎಕ್ಸ್’ ಎಂದರೆ ಎಕ್ಸ್‌ಎಲ್‌ಪಿಇ. ‘ಡಬ್ಲ್ಯು’ ಎಂದರೆ ದುಂಡು ಉಕ್ಕಿನ ತಂತಿಯ ಕವಚ, ‘ಎಫ್’ ಎಂದರೆ ಚಪ್ಪಟೆ ಪಟ್ಟಿಯ ಕವಚ. ಹೀಗಾಗಿ ‘2ಎಕ್ಸ್‌ಡಬ್ಲ್ಯುವೈ’ ಎಂದರೆ ತಾಮ್ರದ ವಾಹಕ, ಎಕ್ಸ್‌ಎಲ್‌ಪಿಇ ಹೊದಿಕೆ, ದುಂಡು ತಂತಿಯ ಕವಚ, ಮೇಲೆ ಪಿವಿಸಿ ಹೊರಪದರ ಎಂದರ್ಥ. ನಾವು ಕೊಂಡದ್ದು ಅದನ್ನು. ‘ಎ2ಎಕ್ಸ್‌ಎಫ್‌ವೈ’ ಎಂಬುದು ದಪ್ಪ ಗಾತ್ರದ ಅಲ್ಯೂಮಿನಿಯಂ ಕೇಬಲ್ಲುಗಳ ಮೇಲೆ ಕಾಣುವ ಗುರುತು. ಎಕ್ಸ್‌ಎಲ್‌ಪಿಇ ಕೇಬಲ್ಲಿಗೆ ಭಾರತೀಯ ಮಾನಕವಾದ ಐಎಸ್ 7098ರ ಮೊದಲ ಭಾಗವೂ, ಪಿವಿಸಿ ಕೇಬಲ್ಲಿಗೆ ಐಎಸ್ 1554ರ ಮೊದಲ ಭಾಗವೂ ಅನ್ವಯಿಸುತ್ತವೆ. ಎರಡೂ 1100 ವೋಲ್ಟ್‌ವರೆಗಿನವು.

ತಾಮ್ರವೋ ಅಲ್ಯೂಮಿನಿಯಮೋ ಎಂಬ ಪ್ರಶ್ನೆಗೆ ರೋಧದ ಲೆಕ್ಕದಲ್ಲಿ ಸರಳ ಉತ್ತರವಿದೆ. 2.5 ಚದರ ಮಿ.ಮೀ. ತಾಮ್ರಕ್ಕೂ 4 ಚದರ ಮಿ.ಮೀ. ಅಲ್ಯೂಮಿನಿಯಮಿಗೂ ಮಾನಕ ಒಪ್ಪುವ ಗರಿಷ್ಠ ರೋಧ ಒಂದೇ, ಕಿಲೋಮೀಟರಿಗೆ 7.41 ಓಮ್. ಅಲ್ಯೂಮಿನಿಯಂ ಅಗ್ಗವೂ ಹೌದು. ಆದರೂ ದೀಪದ ಸಾಲಿಗೆ ಅದನ್ನು ನಾನು ಒಪ್ಪುವುದಿಲ್ಲ. ಸರ್ವಿಸ್ ಕೇಬಲ್ಲಿಗೆ ಎರಡೇ ತುದಿ. ಅಲ್ಲಿ ಸರಿಯಾದ ಲಗ್ ಹಾಕಿ ಬಿಗಿದರೆ ಕೆಲಸ ಮುಗಿಯುತ್ತದೆ. ಅಂಗಳದ ದೀಪದ ಸಾಲಿನಲ್ಲಾದರೋ ಪ್ರತಿ ಕಂಬದ ಬುಡದಲ್ಲೂ ಒಂದು ಜೋಡಣೆ ಬರುತ್ತದೆ, ಮಲೆನಾಡಿನ ತೇವದಲ್ಲಿ ಅಲ್ಯೂಮಿನಿಯಮಿನ ಮೇಲೆ ಆಕ್ಸೈಡಿನ ಪೊರೆ ಬೇಗ ಬೆಳೆಯುತ್ತದೆ, ಹಿತ್ತಾಳೆಯ ಕನೆಕ್ಟರಿನೊಡನೆ ಸೇರಿದರೆ ಸವೆತವೂ ಶುರುವಾಗುತ್ತದೆ. ಜೊತೆಗೆ ಆ ಮೆದು ಲೋಹವನ್ನು ಸ್ಕ್ರೂ ಅಡಿಯಲ್ಲಿ ಬಿಗಿದಿಟ್ಟರೆ ವರ್ಷ ಕಳೆಯುವಷ್ಟರಲ್ಲಿ ಅದು ಒತ್ತಡಕ್ಕೆ ಹರಡಿಕೊಂಡು ಸಡಿಲವಾಗುತ್ತದೆ. ಕೇಬಲ್ಲಿನಲ್ಲಿ ಉಳಿಸಿದ ಹಣವನ್ನು ಹೀಗೆ ಜೋಡಣೆಗಳಲ್ಲಿ ಕಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಪಿವಿಸಿ ಮತ್ತು ಎಕ್ಸ್‌ಎಲ್‌ಪಿಇ ನಡುವಿನ ಆಯ್ಕೆ ದೀಪದ ಹೊರೆಗೆ ಅಷ್ಟು ದೊಡ್ಡದಲ್ಲ. ಪಿವಿಸಿ 70 ಡಿಗ್ರಿ ಸೆಲ್ಸಿಯಸ್‌ವರೆಗೆ, ಎಕ್ಸ್‌ಎಲ್‌ಪಿಇ 90 ಡಿಗ್ರಿಯವರೆಗೆ ನಿರಂತರವಾಗಿ ತಾಳುತ್ತದೆ. ಒಂದು ಆಂಪಿಯರ್ ಹರಿಯುವ ಎಲ್ಇಡಿ ಸಾಲಿನಲ್ಲಿ ಕೇಬಲ್ಲು ಬಿಸಿಯಾಗುವ ಪ್ರಶ್ನೆಯೇ ಬಾರದು. ಎಕ್ಸ್‌ಎಲ್‌ಪಿಇ ನೀರನ್ನು ಕಡಿಮೆ ಹೀರುತ್ತದೆ ಎಂಬ ಕಾರಣಕ್ಕೆ ಅದನ್ನು ಆರಿಸಿದೆವು. ಜಂಕ್ಷನ್ ಪೆಟ್ಟಿಗೆಯೊಳಗೆ ಹೊರಪದರ ಸುಲಿದ ಕೋರುಗಳ ಮೇಲೆ ಬಿಸಿಲು ಬೀಳದಂತೆ ನೋಡಿಕೊಳ್ಳಬೇಕು, ಏಕೆಂದರೆ ಕಪ್ಪು ಹೊರಪದರಕ್ಕಿರುವ ಬಿಸಿಲು ತಡೆಯುವ ಗುಣ ಒಳಗಿನ ಎಕ್ಸ್‌ಎಲ್‌ಪಿಇಗೆ ಇಲ್ಲ.

ಇನ್ನು ಕವಚ. ಕೇಬಲ್ಲಿನ ತುದಿಯನ್ನು ಗರಗಸದಿಂದ ನೇರವಾಗಿ ಕೊಯ್ದು ನೋಡಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನಡುವೆ ಏಳೆಳೆ ತಾಮ್ರದ ಮೂರು ಕೋರುಗಳು, ಅವುಗಳ ಸಂದು ತುಂಬಿದ ಮೆದುವಾದ ಒಳಪದರ, ಅದರ ಸುತ್ತ ಒಂದಕ್ಕೊಂದು ಆತುಕೊಂಡು ಓರೆಯಾಗಿ ಸುತ್ತಿದ 1.4 ಮಿ.ಮೀ. ದಪ್ಪದ ಸತುಲೇಪಿತ ಉಕ್ಕಿನ ತಂತಿಗಳು, ಎಲ್ಲಕ್ಕೂ ಮೇಲೆ ಕಪ್ಪು ಹೊರಪದರ. ತಂತಿಗಳ ನಡುವೆ ಉಗುರು ತೂರುವಷ್ಟು ಸಂದು ಕಂಡರೆ ಆ ಕೇಬಲ್ಲನ್ನು ತಿರಸ್ಕರಿಸಬೇಕು. ತಂತಿಯ ಸಂಖ್ಯೆ ಕಡಿಮೆ ಮಾಡಿ ದರ ಇಳಿಸಿದ ಸರಕು ಅದು. ಒಬ್ಬ ವ್ಯಾಪಾರಿ ನಮಗೆ ಮೊದಲು ತೋರಿಸಿದ ತುಂಡಿನಲ್ಲಿ ಇಂಥ ಸಂದುಗಳಿದ್ದವು, ಒಳಪದರದ ಬದಲಿಗೆ ತೆಳುವಾದ ಒಂದು ಟೇಪು ಮಾತ್ರ ಇತ್ತು, ಹೊರಪದರದ ಮೇಲೆ ಕಂಪನಿಯ ಹೆಸರಿದ್ದರೂ ಮಾನಕದ ಸಂಖ್ಯೆ ಇರಲಿಲ್ಲ. ಬೆಲೆ ಕಡಿಮೆಯೆಂದು ಅಂಥದನ್ನು ಒಯ್ದವರು ಒಂದೆರಡು ಮಳೆಗಾಲದೊಳಗೆ ಅಂಗಳವನ್ನು ಮತ್ತೆ ಅಗೆಯಬೇಕಾಗುತ್ತದೆ.

ಉಕ್ಕಿನ ಕವಚ ಇರುವುದು ಗುದ್ದಲಿಯ ಏಟು, ಹೆಗ್ಗಣದ ಹಲ್ಲು, ಮೇಲೆ ಹಾಯುವ ಗಾಡಿಯ ಭಾರ ಇವುಗಳಿಂದ ಕೋರುಗಳನ್ನು ಕಾಪಾಡಲು. ಅದಕ್ಕೊಂದು ಎರಡನೆಯ ಉಪಯೋಗವಿದೆ: ಗುದ್ದಲಿಯ ಮೊನೆ ಹೊರಪದರ ಸೀಳಿ ಒಳಗಿನ ಫೇಸ್ ಮುಟ್ಟುವ ಮುನ್ನ ಕವಚವನ್ನು ಮುಟ್ಟಲೇಬೇಕು, ಆ ಕವಚ ಅರ್ತಿಗೆ ಸೇರಿದ್ದರೆ ಸೋರಿಕೆ ಅಲ್ಲೇ ನೆಲಕ್ಕೆ ಹರಿದು ಆರ್‌ಸಿಸಿಬಿ ಬೀಳುತ್ತದೆ. ಕವಚವನ್ನು ಅರ್ತಿಗೆ ಸೇರಿಸದೆ ಹಾಗೆಯೇ ಬಿಟ್ಟರೆ, ಒಳಗೆ ಒಂದು ಕಡೆ ಹೊದಿಕೆ ಹರಿದ ಮಾತ್ರಕ್ಕೆ ಆ ಉದ್ದಕ್ಕೂ ಇರುವ ಉಕ್ಕೆಲ್ಲ 230 ವೋಲ್ಟಿಗೆ ಏರಿ ಕುಳಿತಿರುತ್ತದೆ. ಅರ್ತಿಗೆ ಸೇರದ ಕವಚಕ್ಕಿಂತ ಕವಚವೇ ಇಲ್ಲದ ಕೇಬಲ್ಲನ್ನು ಒಳ್ಳೆಯ ಪಿವಿಸಿ ಪೈಪಿನೊಳಗೆ ಎಳೆದದ್ದೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಕವಚವನ್ನೇ ಅರ್ತ್ ತಂತಿಯಾಗಿ ಬಳಸಿ, 2 ಕೋರಿನ ಕೇಬಲ್ಲಿನಲ್ಲಿ ಮುಗಿಸಬಾರದೇಕೆ ಎಂದು ಎಲೆಕ್ಟ್ರಿಷಿಯನ್‌ಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಇಪ್ಪತ್ತರ ಆಸುಪಾಸು ತಂತಿಗಳ ಒಟ್ಟು ಉಕ್ಕು ಸುಮಾರು 30 ಚದರ ಮಿ.ಮೀ. ಆಗುತ್ತದೆ; ಉಕ್ಕಿನ ರೋಧ ತಾಮ್ರದ ಎಂಟರಷ್ಟೆಂದು ಹಿಡಿದರೂ ಹೊಸ ಕವಚ 2.5 ಚದರ ಮಿ.ಮೀ. ತಾಮ್ರಕ್ಕಿಂತ ಕೆಟ್ಟ ವಾಹಕವೇನಲ್ಲ. ತೊಂದರೆ ಬರುವುದು ತುದಿಗಳಲ್ಲಿ. ಗೆದ್ದಲು ಹೊರಪದರ ತಿಂದ ಜಾಗದಲ್ಲಿ, ಗ್ಲ್ಯಾಂಡು (ಕೇಬಲ್ಲಿನ ತುದಿಯನ್ನು ಪೆಟ್ಟಿಗೆಗೆ ಬಿಗಿಯುವ ಹಿಡಿ) ಸಡಿಲವಾದ ಜಾಗದಲ್ಲಿ ಸತುವಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ, ಅರ್ತ್ ಮಾರ್ಗ ಕಡಿದುಹೋಗುತ್ತದೆ, ದೀಪ ಮಾತ್ರ ಎಂದಿನಂತೆ ಉರಿಯುತ್ತಲೇ ಇರುತ್ತದೆ. ಫೇಸ್ ಅಥವಾ ನ್ಯೂಟ್ರಲ್ ಕಡಿದರೆ ದೀಪ ಆರಿ ನಮಗೆ ಗೊತ್ತಾಗುತ್ತದೆ, ಅರ್ತ್ ಕಡಿದರೆ ಗೊತ್ತಾಗುವುದು ಯಾರಾದರೂ ಕಂಬ ಮುಟ್ಟಿದಾಗ. ಆದ್ದರಿಂದ ಮೂರನೆಯ ತಾಮ್ರದ ಕೋರಿಗೆ ಕೊಟ್ಟ ಹೆಚ್ಚಿನ ಹಣ ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಮೂರನೆಯ ಕೋರಿನ ಜೊತೆಗೆ ಕವಚವನ್ನೂ ಪ್ರತಿ ಪೆಟ್ಟಿಗೆಯಲ್ಲಿ ಅದಕ್ಕೆ ಸೇರಿಸಬೇಕು, ಒಂದರ ಬದಲು ಇನ್ನೊಂದು ಎಂಬಂತಲ್ಲ.

3 ಕೋರಿನ ಕೇಬಲ್ಲಿನ ಒಂದು ಕೊರತೆ ಬಣ್ಣದ್ದು. ಮೂರು ಫೇಸ್‌ಗಳಿಗೆಂದು ತಯಾರಾಗುವ ಇದರ ಕೋರುಗಳು ಕೆಂಪು, ಹಳದಿ, ನೀಲಿಯಾಗಿರುತ್ತವೆ; ಕಪ್ಪೂ ಇಲ್ಲ, ಹಸಿರೂ ಇಲ್ಲ. ನಾವು ಕೆಂಪನ್ನು ಫೇಸ್‌ಗೆ ಉಳಿಸಿ, ನೀಲಿಗೆ ಕಪ್ಪು ತೋಳನ್ನೂ (ಸ್ಲೀವ್) ಹಳದಿಗೆ ಹಸಿರು ತೋಳನ್ನೂ ಪ್ರತಿ ತುದಿಯಲ್ಲಿ ತೊಡಿಸಿ, ಬಿಸಿ ಗಾಳಿಯಿಂದ ಬಿಗಿ ಮಾಡಿಸಿದೆವು. ಮುಂದೊಂದು ದಿನ ಬೇರೊಬ್ಬ ಎಲೆಕ್ಟ್ರಿಷಿಯನ್ ಪೆಟ್ಟಿಗೆ ತೆರೆದಾಗ ಹಳದಿಯನ್ನು ಫೇಸ್ ಎಂದು ತಿಳಿಯಬಾರದು.

ಗಾತ್ರದ ಲೆಕ್ಕ ಸುಲಭ. ತಲಾ 20 ವ್ಯಾಟಿನ ಹತ್ತು ದೀಪಗಳೆಂದರೆ 200 ವ್ಯಾಟ್, ಅಂದರೆ ಹೆಚ್ಚೆಂದರೆ ಒಂದು ಆಂಪಿಯರ್. 80 ಮೀಟರ್ ದೂರಕ್ಕೆ ಹೋಗಿ ಬರುವ 160 ಮೀಟರ್ ತಾಮ್ರದ ರೋಧ 1.2 ಓಮ್, ಎಲ್ಲ ಹೊರೆಯೂ ಕೊನೆಯಲ್ಲೇ ಇದೆಯೆಂದುಕೊಂಡರೂ ವೋಲ್ಟೇಜ್ ಇಳಿತ 1.2 ವೋಲ್ಟ್ ಮೀರದು. ಇದಕ್ಕೆ 1.5 ಚದರ ಮಿ.ಮೀ. ಕೇಬಲ್ಲೇ ಸಾಕು. ಮುಂದೆ ಕಣದಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ದೊಡ್ಡ ಫ್ಲಡ್‌ಲೈಟುಗಳು ಬೇಕಾಗಬಹುದೆಂದು 2.5ಕ್ಕೆ ಹೋದೆವು, ಅಗೆಯುವ ಕೂಲಿ ಎರಡಕ್ಕೂ ಒಂದೇ. 4 ಅಥವಾ 6 ಚದರ ಮಿ.ಮೀ. ಬೇಕೇ ಬೇಕೆಂದು ಒತ್ತಾಯಿಸುವವರ ಮಾತು ಕೇಳಬೇಕಿಲ್ಲ, ಆ ದಪ್ಪದ ಎಳೆಗಳು ದೀಪದ ಪುಟ್ಟ ಟರ್ಮಿನಲ್ಲಿನೊಳಗೆ ಹೋಗುವುದೂ ಇಲ್ಲ. ಆದರೆ ಇತ್ತೀಚೆಗೆ ಹೂದೋಟಕ್ಕೆಂದು ಮಾರುವ 12 ವೋಲ್ಟಿನ ದೀಪಗಳಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. 60 ವ್ಯಾಟಿಗೆ ಅಲ್ಲಿ 5 ಆಂಪಿಯರ್ ಹರಿಯಬೇಕು, ಇದೇ ಕೇಬಲ್ಲಿನಲ್ಲಿ 50 ಮೀಟರ್ ದೂರಕ್ಕೆ 3.7 ವೋಲ್ಟ್ ದಾರಿಯಲ್ಲೇ ಕರಗಿ, ಕೊನೆಯ ದೀಪ ಮಂಕಾಗುತ್ತದೆ. ಶಾಕಿನ ಭಯವಿಲ್ಲದ ಆ ವ್ಯವಸ್ಥೆ ಮೆಟ್ಟಿಲು, ತುಳಸಿಕಟ್ಟೆಯಂಥ ಹತ್ತಿರದ ಜಾಗಕ್ಕೆ ಬಹಳ ಒಳ್ಳೆಯದು. ಗೇಟಿನವರೆಗೆ ಒಯ್ಯಲು ಹೊಂದುವುದಿಲ್ಲ.

ಪಾಲಿಕ್ಯಾಬ್, ಹ್ಯಾವೆಲ್ಸ್, ಫಿನೋಲೆಕ್ಸ್, ಕೆಇಐ ಮುಂತಾದ ಹೆಸರಾಂತ ಕಂಪನಿಗಳೆಲ್ಲ ಈ ಬಗೆಯ ಕೇಬಲ್ ತಯಾರಿಸುತ್ತವೆ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ, ಕೈಗೆ ಬಂದದ್ದು ನಿಜವಾಗಿ ಅದೇ ಕಂಪನಿಯದೇ, ಕೇಳಿದ ದರ್ಜೆಯದೇ ಎಂದು ನೋಡುವುದು ಮುಖ್ಯ. ಹೊರಪದರದ ಮೇಲೆ ಕಂಪನಿಯ ಹೆಸರು, ವೋಲ್ಟೇಜ್, ಮಾನಕದ ಸಂಖ್ಯೆ, ತಯಾರಾದ ವರ್ಷ, ಐಎಸ್ಐ ಗುರುತು ಮತ್ತು ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಯಾವ ಸರಕಿನದು, ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಅಂಗಡಿಯ ಕಟ್ಟೆಯ ಮೇಲೆ ನಿಂತಲ್ಲೇ ತಿಳಿಯುತ್ತದೆ. ನಾವು ಕೊನೆಗೆ ಕೊಂಡ ಶಿವಮೊಗ್ಗದ ಅಂಗಡಿಯವರು ಇದನ್ನು ತಾವಾಗಿಯೇ ತೋರಿಸಿದರು, ಡ್ರಮ್ಮಿನಿಂದ ನಮ್ಮೆದುರಿಗೇ ಅಳೆದು ಕೊಯ್ದರು, ಮೀಟರಿನ ಗುರುತುಗಳನ್ನು ಬಿಲ್ಲಿನ ಮೇಲೆ ಬರೆದುಕೊಟ್ಟರು, ತುದಿಗಳಿಗೆ ನೀರು ಹೋಗದಂತೆ ಟೋಪಿ ಹಾಕಿ ಕಳಿಸಿದರು. ಕೊಯ್ದ ತುದಿಯನ್ನು ಮುಚ್ಚದೆ ಮಳೆಯಲ್ಲಿ ಬಿಟ್ಟರೆ ನೀರು ಎಳೆಗಳ ನಡುವೆ ಹೀರಿಕೊಂಡು ಬಹುದೂರ ಹೋಗುತ್ತದೆ ಎಂದು ತಿಳಿದ ವ್ಯಾಪಾರಿ ಸಿಗುವುದು ಭಾಗ್ಯ.

ಗ್ಲ್ಯಾಂಡುಗಳ ವಿಷಯದಲ್ಲಿ ಎಲ್ಲರೂ ಜಿಪುಣರಾಗುತ್ತಾರೆ, ಕೆಡುವುದೂ ಅಲ್ಲೇ. ಹೊರಗಿನ ಕೆಲಸಕ್ಕೆ ಹಿತ್ತಾಳೆಯ ಡಬಲ್ ಕಂಪ್ರೆಷನ್ ಗ್ಲ್ಯಾಂಡೇ ಬೇಕು. ಅದರ ಒಳಗಿನ ಶಂಕುವಿನಾಕಾರದ ಬಳೆ ಕವಚದ ತಂತಿಗಳನ್ನು ಸುತ್ತಲೂ ಹರಡಿ ಹಿಡಿಯುತ್ತದೆ, ಹೊರಗಿನ ರಬ್ಬರು ಹೊರಪದರವನ್ನು ಅಪ್ಪಿ ನೀರು ತಡೆಯುತ್ತದೆ. ಸಿಂಗಲ್ ಕಂಪ್ರೆಷನ್ ಗ್ಲ್ಯಾಂಡು ಒಳಾಂಗಣದ ಪ್ಯಾನೆಲ್ಲಿಗೆ ಸರಿ, ಮಳೆಗೆ ಸಲ್ಲದು. ಕೇಬಲ್ಲಿನ ವ್ಯಾಸ ಅಳೆದೇ ಗ್ಲ್ಯಾಂಡಿನ ಗಾತ್ರ ಹೇಳಬೇಕು, ಏಕೆಂದರೆ ಒಂದು ಅಳತೆ ದೊಡ್ಡದು ತಂದು ಟೇಪು ಸುತ್ತಿ ತುಂಬಿಸುವ ಅಭ್ಯಾಸ ಎಲ್ಲೆಡೆ ಇದೆ.

ಇಲ್ಲಿ ಕಣ್ಣು ತಪ್ಪುವ ಸಂಗತಿಯೊಂದನ್ನು ಬಿಡಿಸಿ ಹೇಳಬೇಕು. ಹಿಂದೆ ಜಂಕ್ಷನ್ ಪೆಟ್ಟಿಗೆಗಳು ಕಬ್ಬಿಣದವಾಗಿದ್ದವು, ಗ್ಲ್ಯಾಂಡನ್ನು ಬಿಗಿದರೆ ಕವಚ ಪೆಟ್ಟಿಗೆಗೆ, ಪೆಟ್ಟಿಗೆ ಅರ್ತಿಗೆ ತಾನಾಗಿಯೇ ಸೇರುತ್ತಿತ್ತು. ಈಗ ಬರುವ ಐಪಿ 65 ದರ್ಜೆಯ ಪಾಲಿಕಾರ್ಬೊನೇಟ್ ಪೆಟ್ಟಿಗೆ ನೀರು ತಡೆಯುವುದರಲ್ಲಿ ಬಹಳ ಚೆನ್ನಾಗಿದೆ, ತುಕ್ಕೂ ಹಿಡಿಯದು, ಆದರೆ ಅದು ಪ್ಲಾಸ್ಟಿಕ್ಕು. ಅದರ ಗೋಡೆಗೆ ಗ್ಲ್ಯಾಂಡನ್ನು ಎಷ್ಟು ಬಿಗಿದರೂ ಕವಚ ಯಾವುದಕ್ಕೂ ಸೇರುವುದಿಲ್ಲ. ಗ್ಲ್ಯಾಂಡಿಗೂ ಪೆಟ್ಟಿಗೆಗೂ ನಡುವೆ ಹಿತ್ತಾಳೆಯ ಅರ್ತ್ ಟ್ಯಾಗ್ ಎಂಬ ಬಾಲವುಳ್ಳ ಬಿಲ್ಲೆಯನ್ನು ಕೂರಿಸಿ, ಅದರಿಂದ ಹಸಿರು ತಂತಿಯೊಂದನ್ನು ಒಳಗಿನ ಅರ್ತ್ ಟರ್ಮಿನಲ್ಲಿಗೆ ತರಬೇಕು. ಒಳಬರುವ ಮತ್ತು ಹೊರಹೋಗುವ ಎರಡೂ ಗ್ಲ್ಯಾಂಡುಗಳಿಗೆ ಹೀಗೆ ಮಾಡದಿದ್ದರೆ ಕವಚದ ಮಾರ್ಗ ಪ್ರತಿ ಪೆಟ್ಟಿಗೆಯಲ್ಲೂ ತುಂಡಾಗುತ್ತದೆ. ನಾವು ನೋಡಿದ ಅಂಗಳಗಳಲ್ಲಿ ಈ ಟ್ಯಾಗ್ ಇದ್ದದ್ದು ಅಪರೂಪ.

ಹೂಳುವ ವಿಷಯಕ್ಕೆ ಐಎಸ್ 1255 ಸ್ಪಷ್ಟವಾಗಿದೆ. ಈ ವೋಲ್ಟೇಜಿನ ಕೇಬಲ್ಲಿಗೆ ಕನಿಷ್ಠ 75 ಸೆಂ.ಮೀ. ಆಳ, ರಸ್ತೆ ದಾಟುವಲ್ಲಿ ಒಂದು ಮೀಟರ್. ಕೆಳಗೆ ಮರಳಿನ ಹಾಸು, ಮೇಲೆ ಮತ್ತೆ ಮರಳು, ಅದರ ಮೇಲೆ ಅಡ್ಡಲಾಗಿ ಇಟ್ಟಿಗೆ, ಕೊನೆಗೆ ಮಣ್ಣು. ಜಂಬಿಟ್ಟಿಗೆಯ ಚೂಪಾದ ಚೂರುಗಳಿರುವ ಅಗೆದ ಮಣ್ಣನ್ನೇ ನೇರವಾಗಿ ಕೇಬಲ್ಲಿನ ಮೇಲೆ ಸುರಿದರೆ ಹೊರಪದರ ಗೀರಿ, ಮುಂದೆ ಕವಚಕ್ಕೆ ತುಕ್ಕು ಬರುತ್ತದೆ. ಮರಳು ದುಬಾರಿಯೆನಿಸಿದರೆ ಜರಡಿ ಹಿಡಿದ ಮಣ್ಣಾದರೂ ಇರಲಿ. ಬಾಗುವಲ್ಲಿ ಕೇಬಲ್ಲಿನ ವ್ಯಾಸದ 12 ಪಟ್ಟು ತ್ರಿಜ್ಯ ಬೇಕು, ನಮ್ಮ ಕೇಬಲ್ಲಿಗೆ ಅದು ಗೇಣಿಗಿಂತ ತುಸು ಕಡಿಮೆ. ಈ ಕೇಬಲ್ಲು ಹಾವಿನಂತೆ ಬಳುಕುವಂಥದಲ್ಲ, ಕಂಬದ ಬುಡದಲ್ಲಿ ಒತ್ತಾಯದಿಂದ ಮಡಚಿದರೆ ಕವಚದ ತಂತಿಗಳು ಬಿಚ್ಚಿಕೊಳ್ಳುತ್ತವೆ. ಬಸಿಗಾಲುವೆ ದಾಟುವಲ್ಲಿ ನಾವು ಹೆಚ್ಚುವರಿಯಾಗಿ ಜಿಐ ಪೈಪು ತೊಡಿಸಿದೆವು.

ಈಗ ಅರ್ತಿಂಗ್, ಈ ವಿಮರ್ಶೆಯ ತಿರುಳು. ಹಳ್ಳಿಗಳ ಮನೆಗಳಿಗೆ ಕಂಬದಿಂದ ಬರುವುದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಅರ್ತ್ ನಮ್ಮದೇ ಗುಂಡಿ. ಅಂಗಳದ ದೀಪದ ಕಂಬದ ಲೋಹಕ್ಕೆ ಫೇಸ್ ತಾಗಿತೆಂದುಕೊಳ್ಳಿ. ಸೋರಿದ ಕರೆಂಟು ನಮ್ಮ ಅರ್ತ್ ಗುಂಡಿಯಿಂದ ಮಣ್ಣಿಗೆ ಇಳಿದು, ಟ್ರಾನ್ಸ್‌ಫಾರ್ಮರ್ ಬಳಿಯ ಅರ್ತಿನಿಂದ ಮೇಲೇರಿ ಸುತ್ತು ಮುಗಿಸಬೇಕು. ನಮ್ಮ ಗುಂಡಿಯ ರೋಧ 10 ಓಮ್, ಅಲ್ಲಿಯದು 2 ಓಮ್ ಎಂದಿಟ್ಟುಕೊಂಡರೆ ಹರಿಯುವ ಕರೆಂಟು 230 ಭಾಗಿಸು 12, ಅಂದರೆ ಸುಮಾರು 19 ಆಂಪಿಯರ್. ಬೋರ್ಡಿನಲ್ಲಿರುವುದು ‘ಸಿ’ ದರ್ಜೆಯ 16 ಆಂಪಿಯರ್ ಎಂಸಿಬಿ. ಅದು ಥಟ್ಟನೆ ಬೀಳಬೇಕಾದರೆ ತನ್ನ ಗಾತ್ರದ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. ಒಂದು ಗಂಟೆಯೊಳಗೆ ಬೀಳಲೇಬೇಕೆಂಬ ನಿಯಮವಿರುವುದೇ 1.45 ಪಟ್ಟಿಗೆ, ಅಂದರೆ 23 ಆಂಪಿಯರಿಗೆ. 19 ಆಂಪಿಯರಿಗೆ ಅದು ಬೀಳದೇ ಇರಬಹುದು. ಅಷ್ಟು ಹೊತ್ತೂ ಕಂಬದ ಮೇಲೆ ನಿಂತಿರುವ ವೋಲ್ಟೇಜು 190ಕ್ಕೂ ಮೇಲೆ. 10 ಓಮ್ ಎಂಬುದು ಒಳ್ಳೆಯ ಗುಂಡಿ ಎಂದು ನಾವು ಹೆಮ್ಮೆಪಡುವ ಅಳತೆ, ಆದರೂ ಗತಿ ಹೀಗೆ. ಒಣ ನೆಲದಲ್ಲಿ 30 ಓಮ್ ಆದರೆ ಹರಿಯುವುದು ಕೇವಲ 7 ಆಂಪಿಯರ್, ಎಂಸಿಬಿಗೆ ಅದು ಮಾಮೂಲಿ ಹೊರೆಯಂತೆ ಕಾಣುತ್ತದೆ.

ಅದೇ ಜಾಗದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದ್ದರೆ, 7 ಆಂಪಿಯರ್ ಎಂಬುದು ಅದರ ಮಿತಿಯ ಇನ್ನೂರು ಪಟ್ಟಿಗೂ ಹೆಚ್ಚು. ಐದು ಪಟ್ಟು ಸೋರಿಕೆಗೇ 40 ಮಿಲಿಸೆಕೆಂಡಿನೊಳಗೆ ಕಡಿಯಬೇಕೆಂದು ಅದರ ಮಾನಕ ವಿಧಿಸುತ್ತದೆ. ಗುಂಡಿಯ ರೋಧ 200 ಓಮಿಗೆ ಏರಿದರೂ 30 ಮಿಲಿಆಂಪಿಯರ್ ಸೋರಿದಾಗ ಕಂಬದ ವೋಲ್ಟೇಜು 6 ಮಾತ್ರ. ಹೊರಗಿನ ದೀಪಗಳ ಖರ್ಚಿನಲ್ಲಿ ಏನನ್ನಾದರೂ ಕಡಿತ ಮಾಡಬೇಕಾಗಿ ಬಂದರೆ ದೀಪದ ಸಂಖ್ಯೆ ಇಳಿಸಿ, ಆರ್‌ಸಿಸಿಬಿಯನ್ನು ಬಿಡಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಎಂಸಿಬಿ ಇರಲೇಬೇಕು, ಏಕೆಂದರೆ ಆರ್‌ಸಿಸಿಬಿ ಹೆಚ್ಚಿನ ಹೊರೆಯನ್ನೂ ಶಾರ್ಟ್ ಸರ್ಕ್ಯೂಟನ್ನೂ ನೋಡುವುದಿಲ್ಲ. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಸಿಕ್ಕರೆ ಇನ್ನೂ ಅನುಕೂಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಅದೂ ಕಾಪಾಡದು ಎಂಬುದು ನೆನಪಿರಲಿ.

‘ಆರ್‌ಸಿಸಿಬಿ ಹಾಕಿದರೆ ಸುಮ್ಮಸುಮ್ಮನೆ ಬೀಳುತ್ತದೆ’ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಎರಡರಲ್ಲೊಂದು. ಹೊರಗಿನ ಸಾಲಿನ ನ್ಯೂಟ್ರಲ್ಲನ್ನು ಮನೆಯ ಇನ್ನೊಂದು ಸಾಲಿನ ನ್ಯೂಟ್ರಲ್ಲಿಗೆ ಎಲ್ಲೋ ಸೇರಿಸಿರುತ್ತಾರೆ, ಇಲ್ಲವೇ ಪೆಟ್ಟಿಗೆಯೊಳಗೆ ನೀರು ಹೋಗಿರುತ್ತದೆ. ಎರಡರಲ್ಲೂ ತಪ್ಪು ಸಾಧನದ್ದಲ್ಲ. ಅದು ಬಿದ್ದದ್ದು ಸರಿ. ಮನೆಯೊಳಗಿನ ಫ್ರಿಜ್ಜು, ಮಿಕ್ಸರುಗಳ ಸಾಲಿನಿಂದ ಹೊರಗಿನ ಸಾಲನ್ನು ಬೇರೆ ಮಾಡಿದರೆ ಮಳೆಗಾಲದ ರಾತ್ರಿ ಒಂದು ದೀಪದ ತೊಂದರೆಗೆ ಇಡೀ ಮನೆ ಕತ್ತಲಾಗುವುದು ತಪ್ಪುತ್ತದೆ. ಎಲ್ಇಡಿ ಡ್ರೈವರುಗಳ ದೆಸೆಯಿಂದ ‘ಎಸಿ’ ಬದಲು, ಮಿಡಿಯುವ ಏಕಮುಖ ಕರೆಂಟಿನ ಸೋರಿಕೆಯನ್ನೂ ಗುರುತಿಸುವ ‘ಎ’ ಟೈಪಿನದನ್ನು ಕೇಳಿ ತರಿಸಿಕೊಂಡೆವು.

ಅರ್ತ್ ಗುಂಡಿಯ ಮಾರುಕಟ್ಟೆಯಲ್ಲಿ ಈಗ ‘ಕೆಮಿಕಲ್ ಅರ್ತಿಂಗ್’ ಎಂಬ ಹೆಸರಿನಲ್ಲಿ ಬಹಳ ಮಾತು ನಡೆಯುತ್ತಿದೆ. ದಪ್ಪನೆಯ ಪೈಪು ತೋರಿಸಿ ಹೆಚ್ಚು ಹಣ ಕೇಳುತ್ತಾರೆ. ಅರ್ತಿಂಗಿನ ಮಾನಕವಾದ ಐಎಸ್ 3043ರಲ್ಲಿರುವ ಸೂತ್ರಕ್ಕೆ ಅಂಕಿಗಳನ್ನು ಹಾಕಿ ನೋಡಿದರೆ ಸತ್ಯ ತಿಳಿಯುತ್ತದೆ. ಮಣ್ಣಿನ ರೋಧಕತೆ 100 ಓಮ್-ಮೀಟರ್ ಇರುವಲ್ಲಿ 3 ಮೀಟರ್ ಉದ್ದದ, 40 ಮಿ.ಮೀ. ವ್ಯಾಸದ ಪೈಪಿನ ರೋಧ ಸುಮಾರು 30 ಓಮ್. ವ್ಯಾಸವನ್ನು ಎರಡರಷ್ಟು ಮಾಡಿದರೆ ಅದು 27ಕ್ಕೆ ಇಳಿಯುತ್ತದೆ, ಅಷ್ಟೇ. ಉದ್ದವನ್ನು ಎರಡರಷ್ಟು ಮಾಡಿದರೆ 17ಕ್ಕೆ ಇಳಿಯುತ್ತದೆ. ಹಣ ಹಾಕಬೇಕಾದದ್ದು ಆಳಕ್ಕೆ, ದಪ್ಪಕ್ಕಲ್ಲ. ನಮ್ಮ ನೆಲದಲ್ಲಿ ಆಳ ಹೋಗುವುದು ಕಷ್ಟವಾದ್ದರಿಂದ, 3 ಮೀಟರಿನ ಎರಡು ರಾಡುಗಳನ್ನು 6 ಮೀಟರ್ ಅಂತರದಲ್ಲಿ ಇಳಿಸಿ ಒಂದಕ್ಕೊಂದು ಜೋಡಿಸಿದೆವು. ಹೀಗೆ ದೂರವಿಟ್ಟರೆ ರೋಧ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ, ಒಂದೇ ಗುಂಡಿಯಲ್ಲಿ ಪಕ್ಕಪಕ್ಕ ಹೂತರೆ ಬಾರದು.

ಉಪ್ಪು-ಇದ್ದಿಲಿನ ಹಳೆಯ ಪದ್ಧತಿಯನ್ನು ನಾನು ತೆಗಳುವುದಿಲ್ಲ, ಬಯಲುಸೀಮೆಯಲ್ಲಿ ಅದು ಇಂದಿಗೂ ಕೆಲಸ ಮಾಡುತ್ತದೆ. ಮಲೆನಾಡಿನಲ್ಲಿ ಮಾತ್ರ ಒಂದು ಮಳೆಗಾಲಕ್ಕೆ ಉಪ್ಪು ಕರಗಿ ಹರಿದುಹೋಗುತ್ತದೆ, ಉಳಿದಷ್ಟು ದಿನ ಜಿಐ ಪೈಪನ್ನು ತಿನ್ನುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬೆರೆತ ಪುಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ತೊಳೆದುಹೋಗುವುದಿಲ್ಲ. ಕೆಮಿಕಲ್ ಅರ್ತಿಂಗ್ ಎಂದು ಮಾರುವ ಸಾಮಗ್ರಿಯಲ್ಲಿ ನಿಜವಾಗಿ ಬೆಲೆಯುಳ್ಳದ್ದು ಈ ಪುಡಿಯೇ. ರಾಡಿನ ಮೇಲಿನ ತಾಮ್ರದ ಲೇಪ 250 ಮೈಕ್ರಾನ್ ಇದೆಯೇ ಎಂದು ಕೇಳಬೇಕು. ಬಣ್ಣ ಬಳಿದಂತೆ ತೆಳುವಾಗಿ ತಾಮ್ರ ಹಚ್ಚಿದ ರಾಡುಗಳೂ ಅದೇ ಹೊಳಪಿನಲ್ಲಿ ಸಿಗುತ್ತವೆ, ಜಂಬಿಟ್ಟಿಗೆಯಲ್ಲಿ ಬಡಿದಿಳಿಸುವಾಗಲೇ ಅವುಗಳ ಲೇಪ ಸುಲಿದು ಉಕ್ಕು ಕಾಣುತ್ತದೆ.

ಅಳತೆಯ ಕಾಲವೂ ಮುಖ್ಯ. ಅರ್ತ್ ಟೆಸ್ಟರಿನಿಂದ ನಮ್ಮಲ್ಲಿ ಮಳೆಗಾಲದಲ್ಲಿ ಬಂದ ಅಂಕಿಯ ಎರಡರಷ್ಟಕ್ಕಿಂತ ಹೆಚ್ಚು ಏಪ್ರಿಲ್‌ನಲ್ಲಿ ಬಂತು. ಜುಲೈನಲ್ಲಿ ಅಳೆದು ಬರೆದುಕೊಟ್ಟ ಚೀಟಿಗೆ ಬೆಲೆಯಿಲ್ಲ. ಯುಗಾದಿಯ ಆಸುಪಾಸಿನಲ್ಲಿ, ನೆಲ ಕಾದಿರುವಾಗ ಅಳೆಯಿಸಬೇಕು. ಸಹಾಯಕ ಗೂಟಗಳನ್ನು ರಾಡಿನಿಂದ ದೂರಕ್ಕೆ, ಒಂದೇ ಗೆರೆಯಲ್ಲಿ ಹೂಳಿ, ನಡುವಿನ ಗೂಟವನ್ನು ಒಟ್ಟು ದೂರದ 62 ಶೇಕಡಾದಷ್ಟರಲ್ಲಿ ಇಟ್ಟು ನೋಡುವ ಕ್ರಮವನ್ನು ನಮ್ಮ ಕೆಲಸಕ್ಕೆ ಬಂದ ಪರವಾನಗಿ ಪಡೆದ ಗುತ್ತಿಗೆದಾರರು ತಪ್ಪದೆ ಪಾಲಿಸಿದರು, ನಡುಗೂಟವನ್ನು ಅತ್ತಿತ್ತ ಸರಿಸಿ ಅಂಕಿ ಬದಲಾಗದಿರುವುದನ್ನೂ ತೋರಿಸಿದರು. ಬಲ್ಬಿಗೆ ಫೇಸ್ ಮತ್ತು ಅರ್ತ್ ಕೊಟ್ಟು ‘ಉರಿಯಿತು, ಅರ್ತ್ ಚೆನ್ನಾಗಿದೆ’ ಎನ್ನುವುದು ಪರೀಕ್ಷೆಯಲ್ಲ: ಚಿಕ್ಕ ಬಲ್ಬು ಉರಿಯಲು ಕೆಟ್ಟ ಅರ್ತೂ ಸಾಕು. ಮಣ್ಣು ಮುಚ್ಚುವ ಮುಂಚೆ 500 ವೋಲ್ಟಿನ ಮೆಗ್ಗರಿನಿಂದ (ಹೊದಿಕೆಯ ರೋಧ ಅಳೆಯುವ ಉಪಕರಣ) ಕೋರು-ಕೋರುಗಳ ನಡುವೆ, ಕೋರು ಮತ್ತು ಕವಚದ ನಡುವೆ ನೋಡಿಸಿಕೊಳ್ಳಬೇಕು. ಆಗ ದೀಪಗಳನ್ನೂ ಸರ್ಜ್ ರಕ್ಷಕವನ್ನೂ (ವೋಲ್ಟೇಜಿನ ಹಠಾತ್ ಏರಿಕೆ ತಡೆಯುವ ಸಾಧನ) ಬಿಡಿಸಿಟ್ಟಿರಬೇಕು, ಇಲ್ಲದಿದ್ದರೆ ಡ್ರೈವರುಗಳು ಸುಡುತ್ತವೆ. ಕನಿಷ್ಠ ಮಿತಿ ಒಂದು ಮೆಗಾಓಮ್ ಆದರೂ ಹೊಸ ಕೇಬಲ್ಲು ನೂರಾರು ತೋರಿಸಬೇಕು. ಒಂದೆರಡು ಮೆಗಾಓಮ್ ತೋರಿಸಿದರೆ ಎಲ್ಲೋ ಪೆಟ್ಟಾಗಿದೆ ಎಂದೇ ಅರ್ಥ.

ಕೊಟ್ಟಿಗೆಯ ದೀಪಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮಗೆ ಚುರುಕೆನಿಸುವಷ್ಟು ವೋಲ್ಟೇಜೂ ದನಗಳಿಗೆ ಪ್ರಾಣಾಂತಿಕವಾಗಬಹುದು: ಅವು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತವೆ, ಮುಂಗಾಲು-ಹಿಂಗಾಲುಗಳ ನಡುವಿನ ಅಂತರ ದೊಡ್ಡದು, ಕರೆಂಟು ಹಾಯುವ ದಾರಿಯಲ್ಲೇ ಹೃದಯವಿದೆ. ಅಲ್ಲಿ ಲೋಹದ ದೀಪ ಬಿಟ್ಟು, ಎರಡು ಪದರದ ಹೊದಿಕೆಯುಳ್ಳ ಪ್ಲಾಸ್ಟಿಕ್ ದೇಹದ ಐಪಿ 65 ದೀಪಗಳನ್ನೇ ಹಾಕಿ, ಗೊಂತಿನ ಕಬ್ಬಿಣದ ಪೈಪುಗಳನ್ನೆಲ್ಲ ಜೋಡಿಸಿ ಅರ್ತಿಗೆ ಸೇರಿಸಿದೆವು. ಅರ್ತ್ ರಾಡನ್ನು ಕೊಟ್ಟಿಗೆಯ ಬಾಗಿಲಲ್ಲಾಗಲಿ, ದನ ಕಟ್ಟುವ ಜಾಗದ ಹತ್ತಿರವಾಗಲಿ ಇಳಿಸಬಾರದು, ಸೋರಿಕೆಯಾದಾಗ ರಾಡಿನ ಸುತ್ತಲಿನ ನೆಲದಲ್ಲೇ ವೋಲ್ಟೇಜು ಹರಡಿರುತ್ತದೆ.

ಒಂದೇ ದೀಪವನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಆಚೆಗೆ ಹಾಕುವವರಿಗೆ ಇಷ್ಟೆಲ್ಲ ಕೇಬಲ್ಲು, ಗ್ಲ್ಯಾಂಡು ಬೇಕಿಲ್ಲ. ಸಿಮೆಂಟಿನಲ್ಲಿ ಹೂತ ಗಟ್ಟಿ ಪೈಪಿನೊಳಗೆ ಮೂರು ತಂತಿ ಎಳೆದು ಆರ್‌ಸಿಸಿಬಿ ಹಾಕಿದರೆ ಸಾಕು. ತೋಟ, ಗೇಟು, ಕಣ ಎಂದು ದೂರ ಹೋಗುವವರಿಗೆ ನಾವು ಕೊಂಡ ಕೇಬಲ್ಲನ್ನೇ ಧೈರ್ಯವಾಗಿ ಹೇಳುತ್ತೇನೆ. ಸ್ಕೆಚ್ಚೊಂದನ್ನು ಬರೆದು, ಕೇಬಲ್ಲು ಹಾದುಹೋದ ದಾರಿ, ಪೆಟ್ಟಿಗೆಗಳ ಜಾಗ ಮತ್ತು ಏಪ್ರಿಲ್‌ನಲ್ಲಿ ಅಳೆದ ಓಮ್‌ಗಳನ್ನು ಗುರುತು ಹಾಕಿ ಬೋರ್ಡಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇವೆ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಪ್ರತಿ ಹುಣ್ಣಿಮೆಗೆ ಒತ್ತಿ ನೋಡುವ ಕೆಲಸ ಮನೆಯ ಮಕ್ಕಳದು.